ಅಕ್ಕನಿಗೊಂದು ಕಾರ್ಡು, ತಮ್ಮನಿಗೊಂದು ಪಾಸ್‌ಪೋರ್ಟು

ಬೊಮ್ಮಸಂದ್ರದಲ್ಲಿ ಬೆಳಗಾಗುವುದೇ ಕಾರ್ಖಾನೆಗಳ ಪಾಳಿ ಬಸ್ಸುಗಳ ಸದ್ದಿನಿಂದ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಮೆಟ್ರೊ ಹಳದಿ ಮಾರ್ಗದ ಕೊನೆಯ ನಿಲ್ದಾಣವೂ ಇಲ್ಲೇ ಇದೆ. ಹೊರದೇಶಕ್ಕೆ ಹೋಗಿ ವಿದ್ಯೆ ಕಲಿತು ಮರಳಿದವರು ಈ ಪ್ರದೇಶಕ್ಕೆ ಹೊಸಬರಲ್ಲ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ವಿದ್ಯೆ ಕಲಿತು ಬಂದ ಕಿರಣ್ ಮಜುಂದಾರ್ 1978ರಲ್ಲಿ ಆರಂಭಿಸಿದ ಬಯೋಕಾನ್ ಬೆಳೆದದ್ದು ಈ ಆಸುಪಾಸಿನಲ್ಲೇ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಪಳಗಿ ಬಂದ ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ ಇರುವುದೂ ಇಲ್ಲಿಯೇ.

ಈ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆ ಕಲ್ಪನೆಯದು, ಕಾನೂನು ಮಾತ್ರ ನಿಜದ್ದು. ಮನೆಯಲ್ಲಿ ಅಜ್ಜಿ ಒಬ್ಬರೇ. ಮಗ, ಸೊಸೆ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ. ಮೊದಲ ಮಗಳು 2011ರಲ್ಲಿ ಅಲ್ಲಿಯೇ ಹುಟ್ಟಿದಳು. ಎರಡನೆಯ ಬಾರಿಗೆ ಸೊಸೆ ಬಾಣಂತನಕ್ಕೆಂದು ಆನೇಕಲ್ಲಿನ ತವರಿಗೆ ಬಂದಳು. ಹೀಗಾಗಿ ಮಗ ಹುಟ್ಟಿದ್ದು 2014ರಲ್ಲಿ, ಬೆಂಗಳೂರಿನಲ್ಲಿ. ಅಪ್ಪ, ಅಮ್ಮ, ಮಗ ಮೂವರಿಗೂ ಭಾರತದ ಪಾಸ್‌ಪೋರ್ಟ್ ಇದೆ, ಅಮೆರಿಕದ ಗ್ರೀನ್ ಕಾರ್ಡೂ ಇದೆ. ಮಗಳದು ಅಮೆರಿಕದ ಪಾಸ್‌ಪೋರ್ಟ್.

ಈಗ ಎಲ್ಲರೂ ಊರಿಗೆ ಮರಳುವ ಯೋಚನೆ ನಡೆದಿದೆ. ಅಷ್ಟರಲ್ಲಿ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕುವ ಅರ್ಹತೆಯೂ ಬಂದಿದೆ. ಅದನ್ನು ಪಡೆದು ಬರುವುದೋ, ಬಿಟ್ಟು ಬರುವುದೋ? ‘ಎರಡನ್ನೂ ಇಟ್ಟುಕೊಂಡರಾಯಿತಲ್ಲ’ ಎನ್ನುತ್ತಾರೆ ಅಲ್ಲಿಯ ಗೆಳೆಯರು. ಫೋನಿನ ಈ ತುದಿಯಲ್ಲಿ ಅಜ್ಜಿ ಕೇಳುವ ಪ್ರಶ್ನೆ ಬೇರೆ: ‘ಬರೋದು ಬರ್ತೀರಪ್ಪ, ಯಾವ ಊರಿನವರಾಗಿ ಬರ್ತೀರಿ?’

ಅಜ್ಜಿಯ ಪ್ರಶ್ನೆಯೇ ಸರಿಯಾದ ಪ್ರಶ್ನೆ.

ಆ ಕಡೆ ತೆರೆದ ಬಾಗಿಲು, ಈ ಕಡೆ ಮುಚ್ಚಿದ ಬಾಗಿಲು

ಎರಡು ದೇಶಗಳ ಪೌರತ್ವವನ್ನು ಏಕಕಾಲದಲ್ಲಿ ಹೊಂದಿರುವುದಕ್ಕೆ ದ್ವಿಪೌರತ್ವ ಎನ್ನುತ್ತಾರೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳು ಇದನ್ನು ಒಪ್ಪುತ್ತವೆ. ಜರ್ಮನಿಯೂ 2024ರ ಜೂನ್‌ನಿಂದ ಒಪ್ಪಿದೆ. ಸಿಂಗಪುರ ಒಪ್ಪುವುದಿಲ್ಲ, ಭಾರತವೂ ಒಪ್ಪುವುದಿಲ್ಲ.

ಸ್ವ ಇಚ್ಛೆಯಿಂದ ಪರದೇಶದ ಪೌರತ್ವ ಪಡೆದವರು ಭಾರತದ ಪೌರರಲ್ಲ ಎಂಬ ತತ್ವ ನಮ್ಮ ಸಂವಿಧಾನದ 9ನೇ ವಿಧಿಯಲ್ಲಿಯೇ ಇದೆ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಬೇರೆ ದೇಶದ ಪೌರತ್ವ ಸಿಕ್ಕಿದ ಕ್ಷಣದಲ್ಲಿಯೇ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ಇದಕ್ಕೆ ಅರ್ಜಿಯೂ ಬೇಕಿಲ್ಲ, ಆದೇಶವೂ ಬೇಕಿಲ್ಲ. ಕಪಾಟಿನಲ್ಲಿ ಹಳೆಯ ಪಾಸ್‌ಪೋರ್ಟ್ ಇದೆ, ಅವಧಿಯೂ ಮುಗಿದಿಲ್ಲ ಎಂಬುದರಿಂದ ಪೌರತ್ವ ಉಳಿಯುವುದಿಲ್ಲ. ಆ ಪಾಸ್‌ಪೋರ್ಟನ್ನು ಭಾರತದ ದೂತಾವಾಸಕ್ಕೆ ಒಪ್ಪಿಸಬೇಕು. ಪೌರತ್ವ ನಿಯಮಗಳು ಇನ್ನೊಂದು ಮಾತನ್ನೂ ಹೇಳುತ್ತವೆ: ಬೇರೆ ದೇಶದ ಪಾಸ್‌ಪೋರ್ಟ್ ಪಡೆದದ್ದೇ ಆ ದೇಶದ ಪೌರತ್ವವನ್ನು ಇಚ್ಛೆಯಿಂದ ಸ್ವೀಕರಿಸಿದ್ದಕ್ಕೆ ನಿರ್ಣಾಯಕ ಸಾಕ್ಷ್ಯ.

ಹೀಗೆ ದೇಶ ಬದಲಿಸುವವರು ಕಡಿಮೆಯೇನಿಲ್ಲ. ಕೇಂದ್ರ ಸರ್ಕಾರ ಸಂಸತ್ತಿಗೆ ನೀಡಿದ ಲೆಕ್ಕದಂತೆ 2022ರಲ್ಲಿ 2,25,620 ಮಂದಿ, 2023ರಲ್ಲಿ 2,16,219 ಮಂದಿ, 2024ರಲ್ಲಿ 2,06,378 ಮಂದಿ ಭಾರತದ ಪೌರತ್ವ ತೊರೆದರು.

ನಮ್ಮ ಕರಾವಳಿಯಿಂದ ದುಬೈ, ಮಸ್ಕತ್, ದೋಹಾಗಳಿಗೆ ಹೋದ ಸಾವಿರಾರು ಕುಟುಂಬಗಳಿಗೆ ಈ ಚಿಂತೆ ಸಾಮಾನ್ಯವಾಗಿ ಇರುವುದಿಲ್ಲ. ದಶಕಗಟ್ಟಲೆ ದುಡಿದರೂ ಕೊಲ್ಲಿ ದೇಶಗಳು ಹೊರಗಿನ ಕೆಲಸಗಾರರಿಗೆ ಪೌರತ್ವ ಕೊಡುವುದು ತೀರ ಅಪರೂಪ. ಅವರು ಅನಿವಾಸಿ ಭಾರತೀಯರಾಗಿ ಹೋಗಿ ಭಾರತೀಯರಾಗಿಯೇ ಮರಳುತ್ತಾರೆ. ಅನಿವಾಸಿ ಭಾರತೀಯ ಎಂದರೆ ಹೊರದೇಶದಲ್ಲಿ ವಾಸಿಸುವ ಭಾರತದ ಪೌರ. ಭಾರತೀಯ ಮೂಲದ ವಿದೇಶಿ ಪ್ರಜೆ ಎಂದರೆ ಬೇರೆಯೇ. ಮದುವೆ ಮನೆಯ ಹರಟೆಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಸೀಟು ಹಂಚಿಕೆಯ ಮೇಜಿನ ಮುಂದೆ ಹಾಗಾಗುವುದಿಲ್ಲ.

ಹೆಸರಿನಲ್ಲಿ ಮಾತ್ರ ಪೌರ

‘ಹಾಗಾದರೆ ಒಸಿಐ ಎಂದರೇನು? ಅದು ದ್ವಿಪೌರತ್ವ ತಾನೇ?’ ಎಂದು ಕೇಳುವವರು ಬಹಳ. ಗೊಂದಲ ಹುಟ್ಟಿದ್ದು ಹೆಸರಿನಿಂದಲೇ.

ಹೊರದೇಶಗಳ ಭಾರತೀಯರ ಬಗ್ಗೆ ಅಧ್ಯಯನ ನಡೆಸಲು ಎಲ್.ಎಂ. ಸಿಂಘ್ವಿ ಅವರ ಅಧ್ಯಕ್ಷತೆಯಲ್ಲಿ 2000ದಲ್ಲಿ ಒಂದು ಸಮಿತಿ ನೇಮಕವಾಯಿತು. 2002ರ ಜನವರಿಯಲ್ಲಿ ಹೊರಬಂದ ಅದರ ವರದಿ ದ್ವಿಪೌರತ್ವಕ್ಕೆ ಶಿಫಾರಸು ಮಾಡಿತು. 2003ರ ತಿದ್ದುಪಡಿ ಮೊದಲು 16 ದೇಶಗಳಲ್ಲಿದ್ದವರಿಗೆ ‘ಭಾರತದ ಸಾಗರೋತ್ತರ ಪೌರ’ ಎಂಬ ಸ್ಥಾನ ಕಲ್ಪಿಸಿತು. 2005ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶಗಳನ್ನು ಬಿಟ್ಟು ಇತರ ದೇಶಗಳಿಗೂ ಅದನ್ನು ವಿಸ್ತರಿಸಿತು. ಮೊದಲ ಕಾರ್ಡುಗಳ ವಿತರಣೆ ಆದದ್ದು 2006ರ ಜನವರಿಯಲ್ಲಿ, ಹೈದರಾಬಾದಿನ ಪ್ರವಾಸಿ ಭಾರತೀಯ ದಿವಸ್ ಸಮಾವೇಶದಲ್ಲಿ. ಗಾಂಧೀಜಿ ದಕ್ಷಿಣ ಆಫ್ರಿಕದಿಂದ ಮರಳಿದ 1915ರ ಜನವರಿ 9ರ ನೆನಪಿಗೆ ನಡೆಯುವ ಈ ಸಮಾವೇಶ 2017ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿಯೂ ನಡೆಯಿತು.

2015ರ ತಿದ್ದುಪಡಿ ಹೆಸರಿಗೆ ‘ಕಾರ್ಡುದಾರ’ ಎಂಬ ಪದವನ್ನು ಸೇರಿಸಿತು. ಈಗಿನ ಪೂರ್ಣ ಹೆಸರು ‘ಭಾರತದ ಸಾಗರೋತ್ತರ ಪೌರ ಕಾರ್ಡುದಾರ’. ಆ ಕೊನೆಯ ಪದದಲ್ಲೇ ಎಲ್ಲವೂ ಇದೆ. ಇದು ಪೌರತ್ವವಲ್ಲ, ವಿದೇಶಿ ಪ್ರಜೆಗೆ ಕೊಡುವ ಕಾರ್ಡು.

ಕಾರ್ಡಿನಿಂದ ಉಪಯೋಗ ಬೇಕಾದಷ್ಟಿದೆ. ಜೀವನಪರ್ಯಂತ ವೀಸಾದ ಚಿಂತೆಯಿಲ್ಲ. ಎಷ್ಟು ವರ್ಷ ಬೇಕಾದರೂ ಇಲ್ಲಿ ಇರಬಹುದು. ಖಾಸಗಿ ಕಂಪನಿಯಲ್ಲಿ ದುಡಿಯಬಹುದು. ನಿಯಮಗಳಿಗೆ ಒಳಪಟ್ಟು ವೈದ್ಯ, ವಕೀಲ, ಲೆಕ್ಕಪರಿಶೋಧಕರಾಗಿ ವೃತ್ತಿ ನಡೆಸಬಹುದು. ಮನೆ, ಸೈಟು ಕೊಳ್ಳಬಹುದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತ ಬೊಮ್ಮಸಂದ್ರದಲ್ಲಿ ಸಂಸಾರ ಹೂಡಲು ಇಷ್ಟು ಸಾಕು.

ಆದರೆ ಕಾರ್ಡುದಾರರಿಗೆ ಮತದಾನದ ಹಕ್ಕಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಕೇಂದ್ರ ಸರ್ಕಾರ ವಿಶೇಷ ಆದೇಶದಿಂದ ಸೂಚಿಸಿದ ಹುದ್ದೆಗಳ ಹೊರತು ಸರ್ಕಾರಿ ಕೆಲಸಗಳು ಸಿಗುವುದಿಲ್ಲ. ಐಎಎಸ್ ಕನಸು ಕಾಣುವ ಹುಡುಗಿಗೂ ಇಸ್ರೊದ ಕನಸು ಕಾಣುವ ಹುಡುಗನಿಗೂ ಇದು ಸಣ್ಣ ಮಾತಲ್ಲ. ಕೃಷಿ ಜಮೀನು, ತೋಟಗಳನ್ನು ಕೊಳ್ಳುವ ಹಕ್ಕು ಈ ಕಾರ್ಡಿಗಿಲ್ಲ. ಅಜ್ಜನ ರಾಗಿ ಹೊಲ ವಾರಸುದಾರಿಕೆಯಿಂದ ಬರಬಹುದು. ಪಕ್ಕದ ಹೊಲವನ್ನು ಕೊಂಡು ಅದಕ್ಕೆ ಸೇರಿಸಿಕೊಳ್ಳುವಂತಿಲ್ಲ.

ಒಂದು ದಿನಾಂಕದ ಈ ಕಡೆ, ಆ ಕಡೆ

ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕಾಲೇಜಿನ ಸೀಟು. ಇಲ್ಲಿಯೇ ನಮ್ಮ ಕಲ್ಪನೆಯ ಅಕ್ಕ, ತಮ್ಮಂದಿರ ದಾರಿ ಬೇರೆಯಾಗುವುದು.

ಒಸಿಐ ಮಕ್ಕಳನ್ನು ಎನ್‌ಆರ್‌ಐ ಕೋಟಾಕ್ಕೆ ಮಾತ್ರ ಸೀಮಿತಗೊಳಿಸುವುದು ಸರಿಯೇ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆ ಬಂದಿತ್ತು. ಅವರು ಸರ್ಕಾರಿ ಕೋಟಾದ ಸೀಟುಗಳಿಗೂ ಅರ್ಹರು ಎಂದು ವಿಭಾಗೀಯ ಪೀಠ 2020ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ಆದರೆ 2021ರ ಮಾರ್ಚ್ 4ರಂದು ಕೇಂದ್ರ ಗೃಹ ಸಚಿವಾಲಯ ಹೊಸ ಅಧಿಸೂಚನೆ ಹೊರಡಿಸಿತು. ಅದರಂತೆ ಕಾರ್ಡುದಾರರು ನೀಟ್, ಜೆಇಇ ಪರೀಕ್ಷೆಗಳನ್ನು ಬರೆಯಬಹುದು. ಆದರೆ ಅವರಿಗೆ ಸಿಗುವುದು ಎನ್‌ಆರ್‌ಐ ಸೀಟು, ಇಲ್ಲವೇ ಹೆಚ್ಚುವರಿಯಾಗಿ ಸೃಷ್ಟಿಸಿದ ಸೀಟು ಮಾತ್ರ. ಭಾರತದ ಪೌರರಿಗೆಂದೇ ಇರುವ ಸೀಟುಗಳಿಗೆ ಅವರು ಅರ್ಹರಲ್ಲ.

ವಿಷಯ ಸುಪ್ರೀಂ ಕೋರ್ಟ್ ತಲುಪಿತು. ನ್ಯಾಯಮೂರ್ತಿಗಳಾದ ಎ.ಎಸ್. ಬೋಪಣ್ಣ ಮತ್ತು ಸಿ.ಟಿ. ರವಿಕುಮಾರ್ ಅವರ ಪೀಠ 2023ರ ಫೆಬ್ರುವರಿ 3ರಂದು ತೀರ್ಪಿತ್ತಿತು. ಇಂಥ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕೆ ಇದೆ. ಆದರೆ ಸೀಟಿನ ಈ ನಿರ್ಬಂಧ ಹಿಂದಕ್ಕೆ ಅನ್ವಯಿಸದು. 2021ರ ಮಾರ್ಚ್ 4ಕ್ಕೆ ಮೊದಲೇ ಕಾರ್ಡು ಪಡೆದವರ ಹಳೆಯ ಹಕ್ಕು ಉಳಿಯುತ್ತದೆ, ಅನಂತರ ಪಡೆದವರಿಗೆ ಹೊಸ ನಿಯಮ.

ಈಗ ನಮ್ಮ ಮನೆಗೆ ಬನ್ನಿ. ಅಕ್ಕ ಹುಟ್ಟಿದ್ದು ಅಮೆರಿಕದಲ್ಲಿ. ಮರುವರ್ಷ 2012ರಲ್ಲಿಯೇ ಅವಳಿಗೆ ಒಸಿಐ ಕಾರ್ಡು ಮಾಡಿಸಿದ್ದರು. ಆದ್ದರಿಂದ ಅವಳು ಸಾಮಾನ್ಯ ವರ್ಗದ ಸೀಟಿಗೂ ಸ್ಪರ್ಧಿಸಬಹುದು. ತಮ್ಮ ಹುಟ್ಟಿದ್ದು ಬೆಂಗಳೂರಿನಲ್ಲಿ, ಹುಟ್ಟಿನಿಂದಲೇ ಭಾರತದ ಪೌರ. ಅವನು ಇವತ್ತು ಅಮೆರಿಕದ ಪೌರನಾಗಿ, ಒಸಿಐ ಕಾರ್ಡು ಮಾಡಿಸಿಕೊಂಡು ಊರಿಗೆ ಬಂದರೆ ಅವನ ಕಾರ್ಡಿನ ದಿನಾಂಕ 2021ರ ಈಚಿನದು. ಅವನಿಗೆ ಎನ್‌ಆರ್‌ಐ ಸೀಟೇ ಗತಿ. ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಆ ಸೀಟಿನ ಶುಲ್ಕ ಸರ್ಕಾರಿ ಕೋಟಾದ ಶುಲ್ಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಒಂದೇ ಮನೆ, ಒಂದೇ ಶಾಲೆ, ಒಂದೇ ಅಂಕ. ಪರದೇಶದಲ್ಲಿ ಹುಟ್ಟಿದವಳಿಗೆ ಬಾಗಿಲು ತೆರೆದಿದೆ, ಇಲ್ಲೇ ಹುಟ್ಟಿದವನಿಗೆ ಮುಚ್ಚಿದೆ!

ಕರ್ನಾಟಕದಲ್ಲಿ 7 ವರ್ಷ ಓದಿದರೆ ಸಿಇಟಿಯಲ್ಲಿ ಸ್ಥಳೀಯರೆಂದು ಪರಿಗಣಿಸುತ್ತಾರಲ್ಲ ಎಂದು ಕೆಲವರು ಸಮಾಧಾನ ಹೇಳುವುದುಂಟು. ಅದು ಓದಿದ ಊರಿಗೆ ಸಂಬಂಧಿಸಿದ ಷರತ್ತು. ಪೌರತ್ವದ ಪ್ರಶ್ನೆ ಅದರಾಚೆ ಬೇರೆಯಾಗಿಯೇ ಉಳಿಯುತ್ತದೆ.

ಅಪ್ಪನ ಪ್ರಮಾಣ, ಮಗನ ಪೌರತ್ವ

‘ಸರಿ, ನಾವಿಬ್ಬರು ಮಾತ್ರ ತೆಗೆದುಕೊಳ್ಳುತ್ತೇವೆ, ಮಗ ಹಾಗೇ ಇರಲಿ’ ಎಂದು ತಂದೆ ತಾಯಿ ಯೋಚಿಸಬಹುದು. ಇಲ್ಲೊಂದು ಸೂಕ್ಷ್ಮವಿದೆ. ಅಮೆರಿಕದಲ್ಲಿ 2001ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಕಾನೂನಿನಂತೆ, 18 ತುಂಬದ ಗ್ರೀನ್ ಕಾರ್ಡುದಾರ ಮಗು ತಂದೆ ಅಥವಾ ತಾಯಿಯ ಪಾಲನೆಯಲ್ಲಿ ಅಲ್ಲಿಯೇ ವಾಸವಾಗಿದ್ದರೆ, ಆ ಪಾಲಕರು ಪೌರತ್ವದ ಪ್ರಮಾಣ ಮಾಡಿದಾಗ ಮಗುವೂ ತಾನೇ ತಾನಾಗಿ ಅಮೆರಿಕದ ಪೌರನಾಗುತ್ತದೆ. ಅರ್ಜಿ ಹಾಕುವುದು ಬೇಡ, ಮಗುವನ್ನು ಕೇಳುವುದೂ ಬೇಡ. ಇಬ್ಬರಲ್ಲಿ ಒಬ್ಬರು ಪೌರರಾದರೂ ಸಾಕು.

ಹಾಗಾದ ಮೇಲೆ ಮಗ ವಿಮಾನ ಹತ್ತಬೇಕಾದರೆ ಪಾಸ್‌ಪೋರ್ಟ್ ಯಾವುದು? ಅಮೆರಿಕದ ಪೌರರು ಆ ದೇಶವನ್ನು ಬಿಡುವಾಗಲೂ ಹೊಗುವಾಗಲೂ ಅಲ್ಲಿಯ ಪಾಸ್‌ಪೋರ್ಟನ್ನೇ ಬಳಸಬೇಕೆಂಬುದು ಅಲ್ಲಿಯ ನಿಯಮ. ಅದನ್ನು ಪಡೆದದ್ದೇ ನಮ್ಮ ನಿಯಮಗಳಲ್ಲಿ ಸಾಕ್ಷ್ಯ. ಮುಂದೆ ಮನಸ್ಸು ಬದಲಾದರೆ, ಅಪ್ರಾಪ್ತ ಮಗುವಿನ ಪರವಾಗಿ ತಂದೆ ತಾಯಿ ಅಮೆರಿಕದ ಪೌರತ್ವವನ್ನು ಬಿಟ್ಟುಕೊಡುವಂತೆಯೂ ಇಲ್ಲ.

ಅದೇ ಮಗ ಅಷ್ಟರೊಳಗೆ ತಾಯಿಯೊಂದಿಗೆ ಬೊಮ್ಮಸಂದ್ರಕ್ಕೆ ಬಂದು ನೆಲೆಸಿದ್ದರೆ, ಅಲ್ಲಿ ಉಳಿದ ತಂದೆ ಅನಂತರ ಪ್ರಮಾಣ ಮಾಡಿದರೂ ಮಗನ ಪೌರತ್ವ ತಾನೇ ತಾನಾಗಿ ಬದಲಾಗುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಮೇಲೆ ಹುಡುಗನ ಮುಂದಿನ ದಾರಿ ನಿಂತಿದೆ.

ಬೇಡವೆನ್ನುವುದೂ ಸುಲಭವಲ್ಲ

ಇಷ್ಟಾದರೂ ಪೌರತ್ವ ಪಡೆದೇ ಹೊರಡುವವರನ್ನು ದೂರುವಂತಿಲ್ಲ. ಗ್ರೀನ್ ಕಾರ್ಡ್ ಅಲ್ಲಿ ವಾಸಿಸುವವರಿಗಾಗಿ ಇರುವಂಥದ್ದು. ಮುಂಗಡ ಅನುಮತಿಯಿಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ ಅದರ ಮೇಲೆ ಮತ್ತೆ ಒಳಹೋಗುವ ಭರವಸೆ ಇರುವುದಿಲ್ಲ. ಅನುಮತಿ ಪಡೆದರೂ ಸಾಮಾನ್ಯವಾಗಿ 2 ವರ್ಷ. ಭಾರತದಲ್ಲಿ ಹುಟ್ಟಿದವರು ಆ ಕಾರ್ಡಿಗಾಗಿ ಎಷ್ಟು ವರ್ಷ ಸಾಲಿನಲ್ಲಿ ಕಾದಿರುತ್ತಾರೆ ಎಂಬುದು ಬಲ್ಲವರಿಗೆ ಗೊತ್ತು. ಒಂದು ವೇಳೆ ಊರಿನ ಜೀವನ ಹೊಂದದಿದ್ದರೆ? ನಾಳೆ ಮಗಳು ಅಲ್ಲಿಯೇ ಓದುತ್ತೇನೆಂದು ಹೊರಟರೆ? ಅಮೆರಿಕದ ಪಾಸ್‌ಪೋರ್ಟ್ ಆ ಭಯವನ್ನು ದೂರ ಮಾಡುತ್ತದೆ.

ಅದಕ್ಕೂ ಬೆಲೆಯುಂಟು. ಅಮೆರಿಕ ತನ್ನ ಪೌರರಿಗೆ ಅವರು ಎಲ್ಲಿದ್ದರೂ ತೆರಿಗೆ ನಿಯಮ ಅನ್ವಯಿಸುತ್ತದೆ. ಬೊಮ್ಮಸಂದ್ರದಲ್ಲಿ ಗಳಿಸಿದ ಸಂಬಳವನ್ನೂ ಇಲ್ಲಿಯ ಬ್ಯಾಂಕ್ ಖಾತೆಗಳನ್ನೂ ನಿಯಮದ ಮಿತಿ ಮೀರಿದಾಗ ಪ್ರತಿವರ್ಷ ಅಲ್ಲಿಗೆ ತಿಳಿಸಬೇಕು. ಒಂದೇ ವರಮಾನಕ್ಕೆ ಎರಡು ಕಡೆ ತೆರಿಗೆ ಬೀಳದಂತೆ 1989ರ ಭಾರತ-ಅಮೆರಿಕ ಒಪ್ಪಂದ ನೋಡಿಕೊಳ್ಳುತ್ತದೆ, ನಿಜ. ಆದರೆ ಲೆಕ್ಕ ಒಪ್ಪಿಸುವ ಕೆಲಸ ತಪ್ಪುವುದಿಲ್ಲ.

ಮರಳಿ ಬರುವ ದಾರಿ

ಮಂಜುಗಡ್ಡೆ ಕರಗಿ ನೀರಾದರೆ ಅದನ್ನು ಮತ್ತೆ ಮಂಜುಗಡ್ಡೆ ಮಾಡಬಹುದು. ಹಾಲು ಹೆಪ್ಪಾದರೆ ಮತ್ತೆ ಹಾಲಾಗದು. ಪೌರತ್ವ ಇವೆರಡರಲ್ಲಿ ಯಾವ ಬಗೆಯದು? ಮೊದಲನೆಯ ಬಗೆಯದೇ, ಆದರೆ ಸಮಯ ಹಿಡಿಯುತ್ತದೆ.

5ನೇ ಕಲಮಿನಂತೆ, ಹಿಂದೆ ತಾನಾಗಲಿ ತನ್ನ ತಂದೆ ತಾಯಿಯರಲ್ಲಿ ಒಬ್ಬರಾಗಲಿ ಸ್ವತಂತ್ರ ಭಾರತದ ಪೌರರಾಗಿದ್ದರೆ, ಅಂಥ ವ್ಯಕ್ತಿ ಇಲ್ಲಿ 12 ತಿಂಗಳು ವಾಸಿಸಿ ನೋಂದಣಿಗೆ ಅರ್ಜಿ ಹಾಕಬಹುದು. ಒಸಿಐ ಕಾರ್ಡು ಪಡೆದು 5 ವರ್ಷವಾಗಿ, 12 ತಿಂಗಳು ಇಲ್ಲಿ ನೆಲೆಸಿದವರಿಗೂ ದಾರಿಯಿದೆ. ಎರಡರಲ್ಲಿಯೂ ಪರದೇಶದ ಪೌರತ್ವ ಬಿಡಲೇಬೇಕು. ಎರಡಕ್ಕೂ ಅರ್ಜಿದಾರ ಪ್ರಾಪ್ತವಯಸ್ಕನಾಗಿರಬೇಕು, ಅಂದರೆ 18 ತುಂಬಿರಬೇಕು. ನೀಟ್ ಬರೆಯುವುದು 17, 18ರ ವಯಸ್ಸಿನಲ್ಲಿ. ದಾರಿ ತೆರೆಯುವ ಹೊತ್ತಿಗೆ ಸೀಟಿನ ಬಸ್ಸು ಹೊರಟಿರುತ್ತದೆ.

2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಸಂಗತಿಯನ್ನೂ ಸ್ಪಷ್ಟಪಡಿಸಿತು. ಪೌರತ್ವವನ್ನು 8ನೇ ಕಲಮಿನಂತೆ ವಿಧಿಪೂರ್ವಕ ತ್ಯಜಿಸಿದವರ ಮಕ್ಕಳು 18 ತುಂಬಿದ ಒಂದು ವರ್ಷದೊಳಗೆ ಘೋಷಣೆ ಮಾಡಿ ಅದನ್ನು ಮರಳಿ ಪಡೆಯಬಹುದು. ಆದರೆ ತಂದೆ ತಾಯಿ ಪರದೇಶದ ಪೌರತ್ವ ಪಡೆದ ಕಾರಣ 9ನೇ ಕಲಮಿನಂತೆ ಅದು ತಾನಾಗಿ ಕೊನೆಗೊಂಡಿದ್ದರೆ ಮಕ್ಕಳಿಗೆ ಆ ಸುಲಭದ ದಾರಿ ಸಿಗದು. ಆ ಪ್ರಕರಣದ ಪಾಲಕರು ಸಿಂಗಪುರದ ಪೌರತ್ವ ಪಡೆದವರಾಗಿದ್ದರು.

ಹೀಗೆ ಪೂರ್ತಿಯಾಗಿ ಬಿಟ್ಟು ಬಂದವರೂ ಇದ್ದಾರೆ. ಭಾರತದ ಪರ ಕ್ರೀಡೆಯಲ್ಲಿ ಆಡಲು ಒಸಿಐ ಕಾರ್ಡು ಸಾಲದು, ಪೌರತ್ವವೇ ಬೇಕು. ಜಪಾನಿನಲ್ಲಿ ಹುಟ್ಟಿದ, ಗುಜರಾತಿ ತಂದೆಯ ಮಗ ಅರಾತ ಇಜುಮಿ 2012ರಲ್ಲಿ ಜಪಾನಿನ ಪೌರತ್ವ ತೊರೆದು ಭಾರತದ ಫುಟ್‌ಬಾಲ್ ತಂಡ ಸೇರಿದರು. ಬೆಂಗಳೂರು ಎಫ್‌ಸಿ ತಂಡದ ರಯಾನ್ ವಿಲಿಯಮ್ಸ್ ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ತಾಯಿಯ ಮನೆತನ ಮುಂಬಯಿಯದು. ಆಸ್ಟ್ರೇಲಿಯಾದ ಪೌರತ್ವ ಬಿಟ್ಟ ಅವರಿಗೆ 2025ರ ನವೆಂಬರ್‌ನಲ್ಲಿ ಸುನೀಲ್ ಛೆಟ್ರಿ ಭಾರತದ ಪಾಸ್‌ಪೋರ್ಟನ್ನು ಹಸ್ತಾಂತರಿಸಿದರು. ಇಬ್ಬರೂ ಬೆಳೆದ ಮೇಲೆ, ತಮ್ಮ ಬುದ್ಧಿಯಿಂದ ತೀರ್ಮಾನಿಸಿದವರು.

ಊಟದ ಮೇಜಿನ ಮೇಲೆ ಮೂರು ಪ್ರಶ್ನೆ

ಟಿಕೆಟ್ ಕೊಳ್ಳುವ ಮೊದಲು ಇಂಥ ಕುಟುಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಒಂದು, ಪ್ರತಿ ಮಗುವೂ ಈಗ ಯಾವ ದೇಶದ ಪೌರ, ಒಸಿಐ ಕಾರ್ಡಿದ್ದರೆ ಅದರ ದಿನಾಂಕ ಯಾವುದು? ಎರಡು, ಹಿರಿಯರು ಪ್ರಮಾಣ ಮಾಡುವ ದಿನ ಪ್ರತಿ ಮಗುವೂ ಎಲ್ಲಿ ವಾಸಿಸುತ್ತಿರುತ್ತದೆ? ಮೂರು, ಆ ಮಗು ಏನಾಗಬೇಕೆಂದಿದೆ? ಸಾಫ್ಟ್‌ವೇರ್ ಕೆಲಸವೋ ಸಂಗೀತವೋ ಆದರೆ ಕಾರ್ಡು ಅಡ್ಡಬಾರದು. ಸರ್ಕಾರಿ ಕೋಟಾದ ವೈದ್ಯಕೀಯ ಸೀಟು, ಸೈನ್ಯ, ಆಡಳಿತ ಸೇವೆ ಎಂದಾದರೆ ಅಡ್ಡಬರುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಹೆಜ್ಜೆ ಇಡುವ ದಿನ ಜಾರಿಯಲ್ಲಿರುವ ಅಧಿಸೂಚನೆಯನ್ನೇ ಓದಬೇಕು, ಗೆಳೆಯರ ಮಾತನ್ನಲ್ಲ.

ಮೂರನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಮಕ್ಕಳು. ಹನ್ನೆರಡರ ಹುಡುಗನಿಗೆ ಎಲ್ಲ ತಿಳಿಯದಿರಬಹುದು. ಆದರೆ ಹಿರಿಯರು ಕೈಯೆತ್ತಿ ಮಾಡುವ ಪ್ರಮಾಣ ತನಗೂ ಸೇರುತ್ತದೆ ಎಂಬುದನ್ನು ತಿಳಿಯುವ ಹಕ್ಕು ಅವನಿಗಿದೆ. ಅವನು ಭಾರತದ ಪೌರನಾಗಿಯೇ ಉಳಿದರೆ 18 ತುಂಬಿದ ಮೇಲೆ ಬೇಕಾದ ದಾರಿ ಹಿಡಿಯಬಹುದು. ಅಕ್ಕನೂ ಆ ವಯಸ್ಸಿಗೆ ಬಂದಾಗ, ತಂದೆ ತಾಯಿ ಭಾರತದ ಪೌರರಾಗಿದ್ದವರೆಂಬ ಆಧಾರದ ಮೇಲೆ, 12 ತಿಂಗಳು ಇಲ್ಲಿ ನೆಲೆಸಿ ಭಾರತದ ಪೌರತ್ವ ಕೇಳಬಹುದು, ಬೇಡವೆಂದರೆ ಬಿಡಬಹುದು.

ಎರಡು ದೋಣಿಯಲ್ಲಿ ಕಾಲಿಡಬೇಡ ಎನ್ನುತ್ತಾರೆ ಹಿರಿಯರು. ನಮ್ಮ ಕಾನೂನೂ ಅದನ್ನೇ ಹೇಳುತ್ತದೆ. ಯಾವ ದೋಣಿ ಎಂಬುದನ್ನು ಮಾತ್ರ ಕಾನೂನು ಹೇಳುವುದಿಲ್ಲ. ಹೊಸೂರು ರಸ್ತೆಯ ಪಕ್ಕದ ಮನೆಯಲ್ಲಿ ಅಜ್ಜಿ ಕಾಯುತ್ತಿರುವುದು ಪಾಸ್‌ಪೋರ್ಟಿನ ಬಣ್ಣಕ್ಕಾಗಿ ಅಲ್ಲ, ಮೊಮ್ಮಕ್ಕಳಿಗಾಗಿ. ಆದರೂ ಅವರ ಪ್ರಶ್ನೆಗೆ ಉತ್ತರ ಸಿದ್ಧವಾದ ಮೇಲೆಯೇ ಪೆಟ್ಟಿಗೆ ಕಟ್ಟುವುದು ಮೇಲು.